ಅಳಿವೆಯ ನೊರೆಗೆರೆ

ಹೊಳೆ ಕಡಲನ್ನು ಸೇರುವ ಸ್ಥಳಕ್ಕೆ ಕನ್ನಡದಲ್ಲಿ ಅಳಿವೆ ಎಂದು ಹೆಸರು. ಅಲ್ಲಿಗೆ ಹೊಳೆಯ ಕತೆ ಮುಗಿಯಿತು, ಅದರ ಹೆಸರೂ ರುಚಿಯೂ ಕಡಲಿನಲ್ಲಿ ಕರಗಿಹೋದವು ಎಂದು ದಡದ ಮೇಲೆ ನಿಂತು ನೋಡುವವರು ಭಾವಿಸುತ್ತಾರೆ. ದೋಣಿ ನಡೆಸುವವರಿಗೆ ಹಾಗಲ್ಲವೆಂಬುದು ಗೊತ್ತು. ಸಿಹಿನೀರು ಉಪ್ಪುನೀರುಗಳು ಎದುರಾದೊಡನೆ ಬೆರೆತುಬಿಡುವುದಿಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ದಾಯಾದಿಗಳಂತೆ ಅವು ಬಹಳ ಹೊತ್ತು ಬೇರೆ ಬೇರೆಯಾಗಿಯೇ ಇರುತ್ತವೆ. ಅವುಗಳ ಗಡಿ ನೀರಿನ ಮೇಲೆ ಗೆರೆ ಎಳೆದಂತೆ ಕಾಣಿಸುತ್ತದೆ. ಒಂದು ಬದಿಗೆ ಹೊಳೆಯ ಕಂದು ನೀರು, ಇನ್ನೊಂದು ಬದಿಗೆ ಕಡಲಿನ ಹಸಿರು ನೀರು, ನಡುವೆ ಉದ್ದಕ್ಕೆ ಬಿಳಿಯ ನೊರೆ. ಆ ನೊರೆಯಲ್ಲಿ ತರಗೆಲೆ, ಕಡ್ಡಿ, ತೆಂಗಿನ ಸಿಪ್ಪೆ, ಪಾಚಿಯ ಎಳೆಗಳು ಸಾಲುಗಟ್ಟಿರುತ್ತವೆ. ಮೀನುಗಾರರು ಈ ಗೆರೆಯನ್ನು ಅರಸಿ ಹೋಗುವುದೂ ಉಂಟು. ತೇಲುವ ಸಣ್ಣ ಜೀವಿಗಳು ಅಲ್ಲಿ ಕೂಡುತ್ತವೆ; ಅವನ್ನು ತಿನ್ನಲು ಮರಿಮೀನುಗಳು ಬರುತ್ತವೆ; ಮರಿಗಳ ಹಿಂದೆ ದೊಡ್ಡ ಮೀನುಗಳು.

ಇಂದು ಅದೇ ನೊರೆಯಿಂದ ಒಂದಿಷ್ಟನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಿಗಳ ಜೊತೆಗೆ ಇನ್ನೊಂದು ಬಗೆಯ ವಸ್ತುವೂ ಕಾಣಸಿಗುತ್ತದೆ: ನೀಲಿ, ಕೆಂಪು, ಬಿಳಿ ಬಣ್ಣದ ಚೂರುಗಳು, ದುಂಡನೆಯ ಮಣಿಗಳು, ನೂಲಿನ ತುಂಡುಗಳು. ಇವೆಲ್ಲ ಪ್ಲಾಸ್ಟಿಕ್ಕಿನವು. ಐದು ಮಿಲಿಮೀಟರಿಗಿಂತ, ಎಂದರೆ ಸುಮಾರಾಗಿ ಒಂದು ಹೆಸರುಕಾಳಿಗಿಂತ, ಸಣ್ಣದಾದ ಇಂಥ ತುಣುಕನ್ನು ಶಾಸ್ತ್ರಜ್ಞರು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯುತ್ತಾರೆ. ಕೆಲವು ಹುಟ್ಟುವಾಗಲೇ ಸಣ್ಣವು. ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿಯಾಗಿ ಮೂಟೆಗಳಲ್ಲಿ ಹೋಗುವ ಪ್ಲಾಸ್ಟಿಕ್ ಮಣಿಗಳು ಈ ಜಾತಿಗೆ ಸೇರಿದವು. ಉಳಿದವು ಚೀಲ, ಬಕೆಟ್ಟು, ಹಗ್ಗ, ಬಲೆ, ಬಾಟಲಿಯ ಮುಚ್ಚಳ ಮುಂತಾದವು ಬಿಸಿಲಿಗೆ ಒಣಗಿ, ಅಲೆಗೆ ಸಿಕ್ಕಿ, ಮರಳಿಗೆ ಉಜ್ಜಿ ಪುಡಿಯಾದುವು. ಬಟ್ಟೆಯಿಂದ ಬರುವ ನೂಲೂ ಕಡಮೆಯದಲ್ಲ. ಆರು ಕಿಲೋಗ್ರಾಮಿನಷ್ಟು ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಯಂತ್ರದಲ್ಲಿ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ನಾರುಗಳು ನೀರಿಗೆ ಹೋಗಬಹುದೆಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು.

ಪ್ಲಾಸ್ಟಿಕ್ ಕಸವೆಂದರೆ ದೂರದ ಶಾಂತಸಾಗರದ ನಡುವೆ, ಹವಾಯಿ ಮತ್ತು ಕ್ಯಾಲಿಫೋರ್ನಿಯಗಳ ಮಧ್ಯೆ ಸುತ್ತುತ್ತಿರುವ ರಾಶಿಯ ಚಿತ್ರವೇ ಸಾಮಾನ್ಯವಾಗಿ ಜನರ ಮನಸ್ಸಿಗೆ ಬರುತ್ತದೆ. ಆ ರಾಶಿ ಇಲ್ಲವೆಂದಲ್ಲ. ಆದರೆ ಲೆಕ್ಕ ಹಿಡಿದು ನೋಡಿದವರಿಗೆ ಒಂದು ಒಗಟು ಎದುರಾಯಿತು. ಜಗತ್ತಿನ ನದಿಗಳು ವರ್ಷಕ್ಕೆ ಕಡಲಿಗೆ ಒಯ್ಯುವ ಪ್ಲಾಸ್ಟಿಕ್ 8 ಲಕ್ಷ ಟನ್ನಿನಿಂದ 27 ಲಕ್ಷ ಟನ್ನಿನವರೆಗೆ ಇರಬಹುದೆಂದು 2021ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಎಲ್ಲ ಸಾಗರಗಳ ಮೇಲ್ಮೈಯಲ್ಲಿ ತೇಲುತ್ತಿರುವುದೆಲ್ಲ ಕೂಡಿ ಸುಮಾರು 2 ಲಕ್ಷ 69 ಸಾವಿರ ಟನ್ ಎಂಬುದು 2014ರ ಅಂದಾಜು. ದಶಕಗಳಿಂದ ಬಂದು ಬೀಳುತ್ತಿದ್ದರೂ ಒಂದೇ ವರ್ಷದ ಜಮೆಯ ಅರ್ಧದಷ್ಟೂ ದಾಸ್ತಾನಿನಲ್ಲಿ ಇಲ್ಲ! ಯಾವ ಅಂಗಡಿಯ ಗುಮಾಸ್ತೆಯೂ ಇಂಥ ಲೆಕ್ಕವನ್ನು ಯಜಮಾನನ ಮುಂದೆ ಇಡಲಾರ. ಕೆಲವಂಶ ತಳಕ್ಕೆ ಇಳಿದಿದೆ, ಕೆಲವಂಶ ಲೆಕ್ಕಕ್ಕೆ ಸಿಗದಷ್ಟು ಪುಡಿಯಾಗಿದೆ. ಆದರೆ ದೊಡ್ಡ ಪಾಲು ದೂರ ಹೋಗಿಯೇ ಇಲ್ಲ. ಭೂಮಿಯಿಂದ ಕಡಲಿಗೆ ಬಿದ್ದ, ತೇಲುವ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಐದು ವರ್ಷ ಕಳೆದ ಮೇಲೂ ನೂರಕ್ಕೆ 77ಕ್ಕೆ ಕಡಮೆಯಿಲ್ಲದಷ್ಟು ದಡದ ಮೇಲೋ ದಡದ ಸಮೀಪದ ನೀರಿನಲ್ಲೋ ಉಳಿದಿರುತ್ತದೆಂದು 2021ರಲ್ಲಿ ಗಣಕಯಂತ್ರದ ಸಹಾಯದಿಂದ ಪ್ರವಾಹಗಳನ್ನು ಲೆಕ್ಕಹಾಕಿದವರು ಹೇಳಿದರು. ಹೊಳೆಯಲ್ಲಿ ಬಿಟ್ಟದ್ದು ಕಡಲ ಪಾಲಾಯಿತು ಎಂಬ ಮಾತು ಹಾಗಾದರೆ ಪೂರ್ತಿ ನಿಜವಲ್ಲ. ಅದರಲ್ಲಿ ಬಹಳಷ್ಟು ಹೊಸ್ತಿಲಲ್ಲೇ ನಿಂತಿದೆ.

ದಡದ ಸಮೀಪದ ಈ ಶೇಖರಣೆ ಹೊಸದೇನೂ ಅಲ್ಲ. ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಎಡ್ವರ್ಡ್ ಕಾರ್ಪೆಂಟರ್ ಮತ್ತು ಅವರ ಸಂಗಡಿಗರು 1972ರಲ್ಲಿಯೇ ನ್ಯೂ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ನೀರಿನಲ್ಲಿ ಪಾಲಿಸ್ಟೈರೀನಿನ ಪುಟ್ಟ ಗೋಲಿಗಳನ್ನು ಹೇರಳವಾಗಿ ಕಂಡರು. ಸರಾಸರಿ ಅರ್ಧ ಮಿಲಿಮೀಟರ್ ಅಡ್ಡಗಲದವು. ಕೆಲವು ಪಾರದರ್ಶಕ, ಕೆಲವು ಹಾಲಿನಂತೆ ಬಿಳುಪು. ಅವುಗಳ ಮೈಮೇಲೆ ಬ್ಯಾಕ್ಟೀರಿಯಾಗಳು ಬೆಳೆದಿದ್ದವು. ನೀರಿನಲ್ಲಿದ್ದ ವಿಷರಾಸಾಯನಿಕವೊಂದನ್ನು ಅವು ಹೀರಿಕೊಂಡಿದ್ದವು. ಪರೀಕ್ಷಿಸಿದ 14 ಜಾತಿಯ ಮೀನುಗಳಲ್ಲಿ 8 ಜಾತಿಯವು ಈ ಗೋಲಿಗಳನ್ನು ನುಂಗಿದ್ದವು. ಅದರಲ್ಲಿಯೂ ಆಯ್ಕೆಯಿತ್ತು: ಪಾರದರ್ಶಕವಾದವನ್ನು ಬಿಟ್ಟು ಬಿಳಿಯವನ್ನೇ ಆರಿಸಿ ತಿಂದಿದ್ದವು. ಕಣ್ಣಿಗೆ ಕಾಣುವುದು ಆಹಾರವೆಂದು ಬಗೆದ ಮೀನಿನ ತಪ್ಪೇನು? ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ವರದಿಯನ್ನು ಆಗ ಹೆಚ್ಚು ಜನ ಲಕ್ಷಿಸಲಿಲ್ಲವೆಂಬುದು ವಿಷಾದದ ಸಂಗತಿ.

ಮೂವತ್ತು ವರ್ಷಗಳ ತರುವಾಯ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡವರು ಪ್ಲಿಮತ್ತಿನ ರಿಚರ್ಡ್ ಥಾಂಪ್ಸನ್. ಅವರಿಗೆ ನೆರವಾದದ್ದು ಒಂದು ಹಳೆಯ ರೇಷ್ಮೆಯ ಉಗ್ರಾಣ. ಅಲಿಸ್ಟರ್ ಹಾರ್ಡಿ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ತೇಲುವ ಜೀವಿಗಳನ್ನು ಹಿಡಿಯಲು ಒಂದು ಯಂತ್ರವನ್ನು ಕಂಡುಹಿಡಿದಿದ್ದರು. ಸರಕು ಹಡಗುಗಳ ಹಿಂದೆ ಅದನ್ನು ಕಟ್ಟಿ ಎಳೆಯುತ್ತಾರೆ. ಒಂದು ಕಿಂಡಿಯಿಂದ ನೀರು ಒಳನುಗ್ಗುತ್ತದೆ. ಒಳಗೆ ರೇಷ್ಮೆಯ ಪಟ್ಟಿ ನಿಧಾನವಾಗಿ ಸುತ್ತುತ್ತಾ ಜೀವಿಗಳನ್ನು ಸೋಸಿ ಹಿಡಿಯುತ್ತದೆ. 1931ರಿಂದ ನಡೆದುಬಂದ ಈ ಸಂಗ್ರಹದ ಸುರುಳಿಗಳನ್ನು ಪ್ಲಿಮತ್ತಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಥಾಂಪ್ಸನ್ ಮತ್ತು ಅವರ ಜೊತೆಗಾರರು 1960ರ ದಶಕದಿಂದ ಈಚಿನ ಸುರುಳಿಗಳನ್ನು ಬಿಚ್ಚಿ ನೋಡಿದಾಗ ಜೀವಿಗಳ ನಡುವೆ ಪ್ಲಾಸ್ಟಿಕ್ ನಾರುಗಳು ಸಿಕ್ಕಿದವು. 1960, 70ರ ದಶಕಗಳಿಗಿಂತ 1980, 90ರ ದಶಕಗಳಲ್ಲಿ ಅವು ಗಮನಾರ್ಹವಾಗಿ ಹೆಚ್ಚಿದ್ದವು. ಪ್ಲಿಮತ್ತಿನ ಸುತ್ತಣ ಕಡಲತಡಿಯ ಮತ್ತು ಅಳಿವೆಯ ಕೆಸರಿನಲ್ಲಿಯೂ ಅವೇ. 2004ರಲ್ಲಿ ಈ ವರದಿ ಪ್ರಕಟವಾದ ಮೇಲೆ ಸೂಕ್ಷ್ಮ ಪ್ಲಾಸ್ಟಿಕ್ ಎಂಬ ಹೆಸರು ಎಲ್ಲೆಡೆ ಹಬ್ಬಿತು.

ಇನ್ನು ಅಳಿವೆ ಇವನ್ನು ಹಿಡಿದಿಟ್ಟುಕೊಳ್ಳುವುದು ಹೇಗೆಂಬುದನ್ನು ನೋಡಬೇಕು. ಎಲ್ಲ ಪ್ಲಾಸ್ಟಿಕ್ಕೂ ಒಂದೇ ತೂಕದ್ದಲ್ಲ. ಸಿಹಿನೀರಿನ ಸಾಂದ್ರತೆಯನ್ನು 1 ಎಂದು ಇಟ್ಟುಕೊಂಡರೆ ಕಡಲನೀರಿನದು ಸುಮಾರು 1.025. ಕೈಚೀಲದ ಪಾಲಿಎಥಿಲೀನ್, ಹಗ್ಗದ ಪಾಲಿಪ್ರೊಪಿಲೀನ್ ಇವೆರಡೂ ಒಂದಕ್ಕಿಂತ ಕಡಮೆ. ಎಲ್ಲ ನೀರಿನಲ್ಲಿಯೂ ತೇಲುತ್ತವೆ. ಪಾಲಿಸ್ಟೈರೀನ್ 1.05ರ ಆಸುಪಾಸು; ಉಬ್ಬಿಸಿ ಹಗುರ ಮಾಡಿದ್ದಾದರೆ ತೇಲುತ್ತದೆ, ಇಲ್ಲವಾದರೆ ಮೆಲ್ಲಗೆ ಇಳಿಯುತ್ತದೆ. ನೈಲಾನ್ 1.14, ಸೀರೆ ಷರಟುಗಳ ಪಾಲಿಯೆಸ್ಟರ್ 1.38. ಇವು ಮುಳುಗುವ ಜಾತಿಯವು. ಆದರೆ ಕೂದಲೆಳೆಗಿಂತ ತೆಳುವಾದ ನಾರು ತಳಮುಟ್ಟಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ನೀರಿನ ಕದಡು ಅದನ್ನು ಮತ್ತೆ ಎತ್ತಿಬಿಡುತ್ತದೆ. ಹೀಗೆ ಹೊಳೆಯೊಂದು ತರುವ ಪ್ಲಾಸ್ಟಿಕ್ಕಿನಲ್ಲಿ ಕೆಲವು ಮೇಲೆ, ಕೆಲವು ಕೆಳಗೆ, ಕೆಲವು ತ್ರಿಶಂಕುವಿನಂತೆ ನಡುವೆ ಇರುತ್ತವೆ. ಅಳಿವೆಯಲ್ಲಿ ಇದು ಮುಖ್ಯವಾಗುತ್ತದೆ. ಏಕೆಂದರೆ ಅಲ್ಲಿ ಮೇಲಣ ನೀರು ಒಂದು ದಿಕ್ಕಿಗೆ ಹರಿದರೆ ಕೆಳಗಣ ನೀರು ಇನ್ನೊಂದು ದಿಕ್ಕಿಗೆ ಹರಿಯುತ್ತದೆ.

ಈ ಎರಡಂತಸ್ತಿನ ಹರಿವನ್ನು ಮೊದಲು ಪ್ರಯೋಗದಿಂದ ತೋರಿಸಿದ್ದು ನದಿಯ ಮುಖದಲ್ಲಲ್ಲ, ಎರಡು ಕಡಲುಗಳ ನಡುವಣ ಜಲಸಂಧಿಯಲ್ಲಿ. ಕಾನ್‌ಸ್ಟಾಂಟಿನೋಪಲಿನ ಬಾಸ್ಫರಸ್ ಜಲಸಂಧಿಯಲ್ಲಿ ಮೇಲಿನ ನೀರು ಕಪ್ಪು ಸಮುದ್ರದಿಂದ ಹೊರಕ್ಕೆ ಹರಿಯುತ್ತದೆ. ಆಳದಲ್ಲಿ ಅದಕ್ಕೆ ವಿರುದ್ಧವಾದ ಪ್ರವಾಹವಿದೆಯೆಂದು ಅಲ್ಲಿನ ಬೆಸ್ತರು ಹೇಳುತ್ತಿದ್ದರು. ಇಟಲಿಯ ತರುಣ ಲುಯಿಜಿ ಮರ್ಸಿಲಿ 1679-80ರಲ್ಲಿ ಅಲ್ಲಿದ್ದಾಗ ಬಿಳಿಯ ಬಣ್ಣ ಹಚ್ಚಿದ ಬೆಂಡಿನ ತುಂಡುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಅವರ ಮಾತು ಸತ್ಯವೆಂದು ಕಂಡ. ಬಳಿಕ ಒಂದು ತೊಟ್ಟಿ ಮಾಡಿಸಿ, ನಡುವೆ ಅಡ್ಡಹಲಗೆ ಇಟ್ಟು, ಹಲಗೆಗೆ ಮೇಲೊಂದು ಕೆಳಗೊಂದು ತೂತು ಕೊರೆದ. ಒಂದು ಬದಿಗೆ ಹೆಚ್ಚು ಉಪ್ಪಿನ ನೀರು, ಇನ್ನೊಂದು ಬದಿಗೆ ಕಡಮೆ ಉಪ್ಪಿನ ನೀರು. ತೂತುಗಳನ್ನು ತೆರೆದೊಡನೆ ಭಾರದ ನೀರು ಕೆಳಗಿನಿಂದ ನುಸುಳಿತು, ಹಗುರದ ನೀರು ಮೇಲಿನಿಂದ ಎದುರುಹರಿಯಿತು. 1681ರಲ್ಲಿ ಅವನು ಇದನ್ನು ಪ್ರಕಟಿಸಿದ. ಬೆಸ್ತರ ಮಾತಿಗೆ ಕಿವಿಗೊಟ್ಟ ಶಾಸ್ತ್ರಜ್ಞರಲ್ಲಿ ಅವನೊಬ್ಬನೆಂದು ನೆನೆಯುವುದು ಉಚಿತ.

ಅಳಿವೆಯಲ್ಲಿ ನಡೆಯುವುದೂ ಇದೇ. ಹೊಳೆಯ ಸಿಹಿನೀರು ಮೇಲೆ ಕಡಲಿನ ಕಡೆಗೆ ಜಾರುತ್ತದೆ. ಅದರ ಅಡಿಯಲ್ಲಿ ಉಪ್ಪುನೀರು ಬೆಣೆಯ ಆಕಾರದಲ್ಲಿ ಒಳನಾಡಿನ ಕಡೆಗೆ ತಳ್ಳಿಕೊಂಡು ಬರುತ್ತದೆ. ತೇಲುವ ಚೂರು ಮೇಲಣ ನೀರಿನೊಡನೆ ಹೊರಟು ಕಡಲಿಗೆ ಸ್ವಲ್ಪ ದೂರ ಹೋಗಬಹುದು. ಆದರೆ ಅದರ ಮೈಮೇಲೆ ಬ್ಯಾಕ್ಟೀರಿಯಾ, ಪಾಚಿ, ಚಿಪ್ಪಿನ ಜೀವಿಗಳ ಮರಿಗಳು ಬೆಳೆಯತೊಡಗುತ್ತವೆ. ಹೊರೆ ಹೆಚ್ಚಿದಂತೆ ಚೂರು ಮುಳುಗುತ್ತದೆ. ಮುಳುಗಿದೊಡನೆ ಅದು ಕೆಳಗಣ ಪ್ರವಾಹದ ಕೈಗೆ ಸಿಕ್ಕಿ ಹೊರಟಲ್ಲಿಗೇ ಮರಳುತ್ತದೆ. ಏಡಿ, ಸಿಗಡಿ, ಮೀನುಗಳ ಎಷ್ಟೋ ಮರಿಗಳು ಕಡಲಪಾಲಾಗದೆ ಅಳಿವೆಯೊಳಗೇ ಉಳಿಯಲು ಈ ಕೆಳಗಣ ಹರಿವನ್ನೇ ಆಶ್ರಯಿಸುತ್ತವೆ. ಮರಿಗಳನ್ನು ತೊಟ್ಟಿಲಿಗೆ ಮರಳಿಸುವ ವ್ಯವಸ್ಥೆಯೇ ಕಸವನ್ನೂ ತೊಟ್ಟಿಲಿಗೆ ಹಾಕುತ್ತಿದೆ.

ಮೇಲಿನಿಂದ ಬರುವ ಸಿಹಿನೀರು, ಕೆಳಗಿನಿಂದ ಬರುವ ಉಪ್ಪುನೀರು ಸರಿಸಮವಾಗಿ ನಿಲ್ಲುವ ಜಾಗದಲ್ಲಿ ನೀರು ಅತ್ಯಂತ ಬಗ್ಗಡವಾಗಿರುತ್ತದೆ. ಕೆಸರುನೀರಿಗೆ ಪಟಿಕವನ್ನು ತಿರುವಿದಾಗ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಉಂಡೆಗಟ್ಟುವುದನ್ನು ಗೃಹಿಣಿಯರು ಕಂಡಿದ್ದಾರೆ. ಅಳಿವೆಯಲ್ಲಿ ಉಪ್ಪು ಆ ಕೆಲಸವನ್ನು ಮಾಡುತ್ತದೆ. ಹೊಳೆ ತಂದ ಜೇಡಿಯ ಕಣಗಳು ಉಪ್ಪು ತಾಗಿದೊಡನೆ ಕೂಡಿಕೊಂಡು ಹತ್ತಿಯ ಹಿಂಜಿನಂತೆ ಆಗುತ್ತವೆ. ಪ್ಲಾಸ್ಟಿಕ್ಕಿನ ಪುಡಿಯೂ ನಾರೂ ಆ ಹಿಂಜಿನೊಳಗೆ ಸಿಕ್ಕಿಕೊಳ್ಳುತ್ತವೆ. ಉಬ್ಬರ ಇಳಿತಗಳ ನಡುವೆ ನೀರು ಸ್ತಬ್ಧವಾದಾಗ ಕೆಳಗಿಳಿದು ಕೂಡುತ್ತವೆ, ಓಟ ಜೋರಾದಾಗ ಎದ್ದು ಮತ್ತೆ ತೇಲುತ್ತವೆ. ದಿನಕ್ಕೆ ನಾಲ್ಕು ಸಲ ಹಾಸಿಗೆ ಹಾಸಿ ಸುತ್ತಿಡುವ ಈ ಸಂಸಾರ ಅಲ್ಲಿಂದ ಕದಲುವುದು ದೊಡ್ಡ ನೆರೆ ಬಂದಾಗಲೇ.

ಇನ್ನು ನೊರೆಗೆರೆಯ ವಿಷಯ. ಎರಡು ಬಗೆಯ ನೀರು ಎದುರಾದಾಗ ಭಾರವಾದದ್ದು ಹಗುರವಾದದ್ದರ ಅಡಿಗೆ ಇಳಿಯಬೇಕು. ಮೇಲ್ಮೈಯ ನೀರು ಎರಡೂ ಕಡೆಯಿಂದ ಗೆರೆಯತ್ತ ಬಂದು ಅಲ್ಲಿ ಕೆಳಗಿಳಿಯುತ್ತದೆ. ತೇಲುವ ವಸ್ತುವಿಗೆ ಇಳಿಯಲು ಆಗದು. ಜಾತ್ರೆಯಲ್ಲಿ ಎರಡು ಬೀದಿಗಳ ಜನವೂ ಬಂದು ಒಂದೇ ನೆಲಮಾಳಿಗೆಯ ಮೆಟ್ಟಿಲಿಳಿದು ಹೋಗುವಾಗ ಅವರ ಕೈತಪ್ಪಿದ ಬಲೂನುಗಳೆಲ್ಲ ಬಾಗಿಲಲ್ಲಿ ಗುಂಪುಗೂಡಿದರೆ ಹೇಗೋ ಹಾಗೆ. ವೇಲ್ಸಿನ ಕಾನ್ವೇ ಎಂಬ ಸಣ್ಣ ಅಳಿವೆಯಲ್ಲಿ ಇಂಥ ಗೆರೆಯನ್ನು ವಿಜ್ಞಾನಿಗಳು 1985ರಲ್ಲಿ ವಿವರಿಸಿದರು. ಅಲ್ಲಿ ಉಬ್ಬರದ ಹೊತ್ತಿಗೆ ಹೊಳೆಯ ನಡುಗಾಲುವೆಯಲ್ಲಿ ಉಪ್ಪುನೀರು ಬೇಗ ಮುನ್ನುಗ್ಗುತ್ತದೆ, ದಡದ ಬಳಿ ತಡವಾಗುತ್ತದೆ. ನಡುವಿನ ನೀರು ಭಾರವಾಗಿ ತಗ್ಗುತ್ತದೆ. ಎರಡೂ ದಡದ ಮೇಲ್ಮೈ ನೀರು ನಡುವಿನತ್ತ ಸರಿಯುತ್ತದೆ. ಹೊಳೆಯ ಉದ್ದಕ್ಕೂ ನಡುಮಧ್ಯದಲ್ಲಿ ಬೈತಲೆ ತೆಗೆದಂತೆ ನೊರೆಯ ಗೆರೆಯೊಂದು ಮೂಡುತ್ತದೆ. ಇಳಿತ ಆರಂಭವಾದಾಗ ಅದು ಅಳಿಸಿಹೋಗುತ್ತದೆ.

ಅಳಿವೆಯನ್ನು ದಾಟಿ ಕರಾವಳಿಯ ನೀರಿಗೆ ಬಂದದ್ದನ್ನು ಗಾಳಿ ಹಿಡಿದುಕೊಳ್ಳುತ್ತದೆ. ರಸಾಯನಶಾಸ್ತ್ರದಲ್ಲಿ 1932ರ ನೊಬೆಲ್ ಬಹುಮಾನ ಪಡೆದ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1927ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದಾಗ ಕಡಲಪಾಚಿ ಗಾಳಿಯ ದಿಕ್ಕಿನಲ್ಲಿ ನೇಗಿಲಸಾಲುಗಳಂತೆ ನೀಳವಾಗಿ ಸಾಲುಗಟ್ಟಿದ್ದನ್ನು ಕಂಡರು. ಬೇರೆ ಯಾತ್ರಿಕರು ನೋಡಿ ಸುಮ್ಮನಾದ ದೃಶ್ಯ ಅದು. ಅವರು ಊರಿಗೆ ಮರಳಿ ಒಂದು ಸರೋವರದಲ್ಲಿ ಪ್ರಯೋಗ ನಡೆಸಿ 1938ರಲ್ಲಿ ಕಾರಣವನ್ನು ಹೇಳಿದರು: ಗಾಳಿ ಬೀಸುವಾಗ ಮೇಲಣ ನೀರು ಗಾಳಿಯ ದಿಕ್ಕಿಗೆ ಮಲಗಿಸಿದ ಉರುಳೆಗಳಂತೆ ಜೋಡಿಜೋಡಿಯಾಗಿ ಸುತ್ತುತ್ತದೆ, ಎರಡು ಉರುಳೆಗಳ ನೀರು ಕೂಡಿ ಇಳಿಯುವಲ್ಲಿ ತೇಲುವುದೆಲ್ಲ ಸಾಲಾಗುತ್ತದೆ. ಪ್ಲಾಸ್ಟಿಕ್ಕೂ ಇದಕ್ಕೆ ಹೊರತಲ್ಲ. ಗಾಳಿ ಬಲವಾದರೆ ಮಾತ್ರ ಬೇರೆ. ಆಗ ಅಲೆಗಳು ಹಗುರವಾದ ಚೂರುಗಳನ್ನೂ ಕೆಲವು ಮೀಟರು ಆಳಕ್ಕೆ ಕಲಸಿಬಿಡುತ್ತವೆ. ಮೇಲ್ಮೈಯಲ್ಲಿ ಬಲೆ ಎಳೆದವನಿಗೆ ಕಡಲು ಸ್ವಚ್ಛವಾದಂತೆ ತೋರುತ್ತದೆ. ಗಾಳಿಯ ದಿನದ ಎಣಿಕೆಯನ್ನು ನಂಬಬಾರದೆಂದು 2012ರಿಂದ ಎಣಿಸುವವರು ಎಚ್ಚರಿಕೆ ವಹಿಸುತ್ತಿದ್ದಾರೆ.

ಈ ಲಕ್ಷಣಗಳೆಲ್ಲ ಒಂದೆಡೆ ಕೂಡಿರುವ, ಚೆನ್ನಾಗಿ ಅಳೆದು ನೋಡಿರುವ ಅಳಿವೆಯೆಂದರೆ ಪ್ಲಿಮತ್ತಿನ ಟೇಮರ್ ನದಿಯದು. ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಗಳ ಗಡಿಯಾಗಿ ಹರಿದುಬರುವ ಈ ನದಿಯ ಮೇಲೆ ಬ್ರುನೆಲ್ ಎಂಬ ಎಂಜಿನಿಯರು ಕಟ್ಟಿದ, 1859ರಲ್ಲಿ ತೆರೆದ ರೈಲುಸೇತುವೆ ಇಂದಿಗೂ ಇದೆ. ಸೇತುವೆಯ ಕೆಳಗೆ ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರ ನಾಲ್ಕೂವರೆ ಮೀಟರಿಗೂ ಮೇಲೆ ಏರುತ್ತದೆ. ಅಳಿವೆಯ ದಂಡೆಗಳಿಂದ 30 ಮಾದರಿಗಳನ್ನು ತೆಗೆದು ಸೋಸಿದವರಿಗೆ 952 ಪ್ಲಾಸ್ಟಿಕ್ ವಸ್ತುಗಳು ದೊರೆತವೆಂದು 2010ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ 65 ಸೂಕ್ಷ್ಮ ಪ್ಲಾಸ್ಟಿಕ್. ಗಾಳಿ ಬೀಸಿ ತಂದು ಹಾಕುವ ದಂಡೆಯಲ್ಲಿ ಕಸ ಹೆಚ್ಚು. ಗಾಳಿ ಹೊರಡುವ ದಂಡೆಯಲ್ಲಿ ಕಡಮೆ. ನೆಲದ ಮೇಲೆ ಸಿಕ್ಕ ಸಣ್ಣ ಕಣಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್, ನೈಲಾನ್ ಮುಂತಾದ ಭಾರದ ಜಾತಿಯವು. ಕೆಸರಿನ ಅಂಶ ಹೆಚ್ಚಿದ್ದಲ್ಲಿ ಪ್ಲಾಸ್ಟಿಕ್ಕೂ ಹೆಚ್ಚಿರಬೇಕೆಂದು ಊಹಿಸಿದವರಿಗೆ ಮಾತ್ರ ಅಂಥ ಸಂಬಂಧ ಕಾಣಲಿಲ್ಲ. ಪ್ರಕೃತಿ ಎಲ್ಲ ಪ್ರಶ್ನೆಗೂ ಹೂಂಗುಟ್ಟುವುದಿಲ್ಲ.

ನಾಲ್ಕು ವರ್ಷದ ಬಳಿಕ, 2014ರಲ್ಲಿ, ಇನ್ನೂ ನೇರವಾದ ಪ್ರಶ್ನೆಗೆ ಉತ್ತರ ಹುಡುಕಿದ ವರದಿಯೊಂದು ಬಂದಿತು: ಟೇಮರ್ ಅಳಿವೆಯಿಂದ ಹೊರಗೆ ಹೋಗುವುದೆಷ್ಟು, ಒಳಗೆ ಬರುವುದೆಷ್ಟು? ಇಳಿತದಲ್ಲೂ ಉಬ್ಬರದಲ್ಲೂ ಮೇಲ್ಮೈಯ ನೀರಿಗೆ ಬಲೆ ಒಡ್ಡಿದರು. ಸಿಕ್ಕ 204 ತುಣುಕುಗಳಲ್ಲಿ ನೂರಕ್ಕೆ 82 ಸೂಕ್ಷ್ಮ ಪ್ಲಾಸ್ಟಿಕ್. ಪಾಲಿಎಥಿಲೀನ್ ಎಲ್ಲಕ್ಕಿಂತ ಹೆಚ್ಚು. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ದೊಡ್ಡ ತುಣುಕುಗಳು ಹೆಚ್ಚಾಗಿ ಬಂದವು. ಅಷ್ಟಮಿಯ ಸಣ್ಣ ಉಬ್ಬರದಲ್ಲಿ ಹಾಗಿರಲಿಲ್ಲ. ದೊಡ್ಡ ಉಬ್ಬರ ದಂಡೆಯ ಮೇಲ್ಭಾಗದವರೆಗೆ ಏರಿ ಹಳೆಯ ದಾಸ್ತಾನನ್ನು ಎತ್ತಿಕೊಂಡು ಇಳಿಯುತ್ತದೆಂದು ಭಾವಿಸಿದರೆ ಇದು ಸಹಜವಾಗಿಯೇ ತೋರುತ್ತದೆ. ಆದರೆ ಒಟ್ಟು ಲೆಕ್ಕದಲ್ಲಿ ಅಳಿವೆ ಕಡಲಿಗೆ ಕೊಡುವುದೇ ಹೆಚ್ಚೋ ಕಡಲಿನಿಂದ ಪಡೆಯುವುದೇ ಹೆಚ್ಚೋ ನಿಶ್ಚಯವಾಗಲಿಲ್ಲ. ಹೊಳೆಯೂ ಉಬ್ಬರವೂ ಅದೇ ಕಸವನ್ನು ಚೆಂಡಿನಂತೆ ಅತ್ತಿಂದಿತ್ತ ಆಡಿಸುತ್ತಿದ್ದವು. ಕಡಲೆಂದರೆ ಕಸದ ಬುಟ್ಟಿ ಎಂದು ತಿಳಿದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ನೆರೆ ಬಂದಾಗ ಈ ಆಟದ ಗತಿ ಬದಲಾಗುತ್ತದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಮರ್ಸಿ ನದಿಗೆ ನೀರುಣಿಸುವ ಹೊಳೆಗಳ ತಳವನ್ನು 40 ಕಡೆಗಳಲ್ಲಿ ಪರೀಕ್ಷಿಸಿದ್ದರು. 2015-16ರ ಚಳಿಗಾಲದಲ್ಲಿ ಭಾರಿ ನೆರೆ ಬಂದು ಹೋದ ಮೇಲೆ ಮತ್ತೆ ಅದೇ ಜಾಗಗಳನ್ನು ನೋಡಿದಾಗ ತಳದಲ್ಲಿದ್ದ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ಸುಮಾರು 70 ಕೊಚ್ಚಿಹೋಗಿತ್ತು. ಕೊಚ್ಚಿಹೋದ ಕಣಗಳ ಸಂಖ್ಯೆ ಸುಮಾರು 4,300 ಕೋಟಿ. ತೂಕ ಒಂದು ಟನ್ನಿಗಿಂತಲೂ ಕಡಮೆ. ತೂಕದ ಲೆಕ್ಕದಲ್ಲಿ ಒಂದು ಎತ್ತಿನ ಗಾಡಿಯ ಹೊರೆ. ಎಣಿಕೆಯಲ್ಲಿ ಭೂಮಿಯ ಮೇಲಣ ಮನುಷ್ಯರೆಲ್ಲರಿಗೂ ಐದೈದು ಹಂಚಬಹುದು!

ಮರ್ಸಿಯಲ್ಲಿ ಅಪರೂಪಕ್ಕೆ ಬರುವಂಥ ನೆರೆ ಕನ್ನಡ ಕರಾವಳಿಯ ಹೊಳೆಗಳಿಗೆ ವರ್ಷವರ್ಷದ ಮಾತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಿಂದ ಹಿಡಿದು ನೇತ್ರಾವತಿಯವರೆಗೆ ಎಲ್ಲವೂ ಘಟ್ಟದಿಂದ ಧುಮುಕಿ, ಬಯಲಿನಲ್ಲಿ ಸ್ವಲ್ಪವೇ ದೂರ ಓಡಿ ಕಡಲು ಸೇರುವಂಥವು. ಜೂನಿನಿಂದ ಸೆಪ್ಟೆಂಬರಿನವರೆಗೆ ನಾಲ್ಕು ತಿಂಗಳಲ್ಲಿ ವರ್ಷದ ಮಳೆಯ ಬಹುಪಾಲು ಸುರಿದುಬಿಡುತ್ತದೆ. ಆಗ ಅಳಿವೆಯಲ್ಲಿ ಸಿಹಿನೀರಿನ ರಾಜ್ಯ. ಬೇಸಗೆಯಲ್ಲಿ ಉಪ್ಪುನೀರು ಎಷ್ಟೋ ದೂರ ಒಳಕ್ಕೆ ಏರುತ್ತದೆ. ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಎರಡು ಮರಳುದಿಣ್ಣೆಗಳ ಹಿಂದೆ ಕೂಡಿ ಒಂದೇ ಬಾಗಿಲಿನಿಂದ ಕಡಲಿಗೆ ಹೋಗುತ್ತವೆ. ದಿಣ್ಣೆಯ ಮರೆಯ ನೀರು ನಿಧಾನ, ನಿಧಾನವಿದ್ದಲ್ಲಿ ಶೇಖರಣೆ. ನೇತ್ರಾವತಿಯ ಉದ್ದಕ್ಕೂ ಮಾದರಿ ಸಂಗ್ರಹಿಸಿದ ಮಣಿಪಾಲದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಕಾರ ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ತುಣುಕುಗಳೂ ಒಂದು ಕಿಲೋಗ್ರಾಮ್ ತಳದ ಮಣ್ಣಿನಲ್ಲಿ 96 ತುಣುಕುಗಳೂ ಇದ್ದವು.

ಮಳೆಗಾಲದ ನೆರೆ ಹೊರಗೆ ದೂಡಿದ್ದನ್ನು ಕಡಲು ಇಟ್ಟುಕೊಳ್ಳುತ್ತದೆಯೇ ಎಂದರೆ ಅದೂ ಇಲ್ಲ. ನೈಋತ್ಯದ ಗಾಳಿ, ಅಲೆ ಎರಡೂ ದಡದ ಕಡೆಗೇ ತಳ್ಳುತ್ತವೆ. ಮಳೆಗಾಲದಲ್ಲಿ ಕರಾವಳಿಯ ಪ್ರವಾಹ ದಕ್ಷಿಣಾಭಿಮುಖ; ಚಳಿಗಾಲದಲ್ಲಿ ಉತ್ತರಾಭಿಮುಖ. ಇದಕ್ಕೆ ಈಚಿನ ಕಾಲದ ಕಟುವಾದ ನಿದರ್ಶನವೊಂದಿದೆ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಕೊಚ್ಚಿಯ ಹೊರಗೆ ಮುಳುಗಿತು. ಅದರ ಪೆಟ್ಟಿಗೆಗಳಲ್ಲಿ ಕೆಲವು ಪ್ಲಾಸ್ಟಿಕ್ ಮಣಿಗಳನ್ನು ಹೊತ್ತಿದ್ದವು. ಮಣಿಗಳು ಚೆಲ್ಲಿ, ಮುಂಗಾರಿನ ಪ್ರವಾಹದೊಡನೆ ದಕ್ಷಿಣಕ್ಕೆ ಸಾಗಿ, ಕೆಲವೇ ದಿನಗಳಲ್ಲಿ ತಿರುವನಂತಪುರದ ಕಡಲತಡಿಗಳಲ್ಲಿ ಸಾಬೂದಾಣಿ ಚೆಲ್ಲಿದಂತೆ ಬಿಳಿಯ ಪಟ್ಟೆಯಾಗಿ ಬಿದ್ದವು. ತಮಿಳುನಾಡಿನ ದಡವನ್ನೂ ಮುಟ್ಟಿದವು. ಇದೇ ಅಪಘಾತ ಡಿಸೆಂಬರಿನಲ್ಲಿ ಆಗಿದ್ದರೆ ಮಣಿಗಳು ಮಂಗಳೂರಿನ ದಾರಿ ಹಿಡಿಯುತ್ತಿದ್ದವೇನೋ.

ಇದರಿಂದ ಯಾರಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ಅಳಿವೆ ಎಂಬುದು ಬರಿಯ ನೀರಿನ ಹಾದಿಯಲ್ಲ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಎಷ್ಟೋ ಜಾತಿಯ ಮೀನು ಸಿಗಡಿಗಳ ಮರಿಗಳು ಬೆಳೆಯುತ್ತವೆ. ಅಘನಾಶಿನಿಯ ದಂಡೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು ಆಯುತ್ತಾರೆ. ಬಳಚು, ಮರುವಾಯಿ ಮೊದಲಾದ ಚಿಪ್ಪಿನ ಜೀವಿಗಳು ನೀರನ್ನು ಸೋಸಿಯೇ ಬದುಕುವುವು. ಆಹಾರವಾವುದು ಪ್ಲಾಸ್ಟಿಕ್ಕಾವುದು ಎಂದು ಬೇರ್ಪಡಿಸುವ ಶಕ್ತಿ ಅವಕ್ಕೆ ಪೂರ್ತಿಯಾಗಿ ಇಲ್ಲ. ಇದೇ ಬಳಗದ ನೀಲಿ ಚಿಪ್ಪುಜೀವಿಗೆ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳನ್ನು ತಿನ್ನಿಸಿ ನೋಡಿದ ಪ್ರಯೋಗವೊಂದರ ಫಲ 2008ರಲ್ಲಿ ಪ್ರಕಟವಾಯಿತು. ಕಣಗಳು ಕರುಳಿನಿಂದ ರಕ್ತಕ್ಕೆ ದಾಟಿ 48 ದಿನಗಳಾದರೂ ಅಲ್ಲಿಯೇ ಇದ್ದವು. ಮೀನಿನ ಕರುಳನ್ನು ಅಡಿಗೆಯವರು ತೆಗೆದು ಎಸೆಯುತ್ತಾರೆ. ಬಳಚನ್ನು ಇಡಿಯಾಗಿ ತಿನ್ನುತ್ತಾರೆ.

ಬಲೆ ಬೀಸಿ ಇವನ್ನು ಎತ್ತಿಬಿಡಬಾರದೇ ಎಂಬ ಪ್ರಶ್ನೆ ಸಹಜ. ಅಳಿವೆ ತಾನಾಗಿಯೇ ಕಸವನ್ನು ಗೆರೆ ಎಳೆದು ಒಟ್ಟುಗೂಡಿಸಿ ಕೊಡುತ್ತಿರುವಾಗ ಆ ಗೆರೆಯಲ್ಲೇ ಹಿಡಿಯುವುದು ಸುಲಭವೆಂದು ತೋರುತ್ತದೆ. ದೊಡ್ಡ ಕಸದ ಮಟ್ಟಿಗೆ ಇದು ನಿಜ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ಹೊಳೆಯ ಬಾಯಿಗೆ ತೊಡಿಸಿದ, ನೀರಿನ ಮತ್ತು ಸೂರ್ಯನ ಶಕ್ತಿಯಿಂದ ತಿರುಗುವ ಚಕ್ರವೊಂದು 2014ರಿಂದ ಬಾಟಲಿ ಚೀಲಗಳನ್ನು ಎತ್ತಿ ಹಾಕುತ್ತಿದೆ. ಆಮ್‌ಸ್ಟರ್ಡಾಮಿನ ಕಾಲುವೆಯೊಂದರಲ್ಲಿ 2019ರಿಂದ ತಳದಲ್ಲಿ ಓರೆಯಾಗಿ ಹಾಸಿದ ಕೊಳವೆಯಿಂದ ಗಾಳಿಗುಳ್ಳೆಗಳ ಪರದೆ ಎಬ್ಬಿಸಿ ಕಸವನ್ನು ಬದಿಗೆ ಸರಿಸುತ್ತಾರೆ. ದೋಣಿಗಳಿಗೂ ಮೀನುಗಳಿಗೂ ಅಡ್ಡಿಯಿಲ್ಲ. ಸೂಕ್ಷ್ಮ ಪ್ಲಾಸ್ಟಿಕ್ಕಿನ ಮಾತು ಬೇರೆ. ಅದನ್ನು ಎಣಿಸಲು ಉಪಯೋಗಿಸುವ ಬಲೆ ಜೀವಶಾಸ್ತ್ರಜ್ಞರು ತೇಲುವ ಜೀವಿಗಳನ್ನು ಹಿಡಿಯಲು ಮಾಡಿಕೊಂಡ ಬಲೆಯೇ. ಅದರ ಕಣ್ಣು ಮಿಲಿಮೀಟರಿನ ಮೂರನೆಯ ಒಂದು ಭಾಗ. ನೊರೆಗೆರೆಯಲ್ಲಿ ಅದನ್ನು ಬೀಸಿದರೆ ಪ್ಲಾಸ್ಟಿಕ್ಕಿನೊಡನೆ ಮೀನಿನ ಮೊಟ್ಟೆಯೂ ಏಡಿಯ ಮರಿಯೂ ಬರುತ್ತವೆ. ಕಳೆಯನ್ನು ಕೀಳಹೋಗಿ ಸಸಿಮಡಿಯನ್ನೇ ಕಿತ್ತಂತೆ. ಆದುದರಿಂದ ಹಿಡಿಯುವುದಾದರೆ ಚೀಲವು ಚೀಲವಾಗಿರುವಾಗಲೇ, ಅದು ಹೊಳೆಯ ಮೇಲ್ಭಾಗದಲ್ಲಿರುವಾಗಲೇ, ಚರಂಡಿಯ ಬಾಯಲ್ಲಿಯೇ ಹಿಡಿಯಬೇಕೆಂದು ಈ ವಿಷಯದಲ್ಲಿ ದುಡಿಯುವವರು ಹೇಳುತ್ತಾರೆ. ಕೆಲವು ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳನ್ನು ಭಾರತದಲ್ಲಿ 2022ರ ಜುಲೈ 1ರಿಂದ ನಿಷೇಧಿಸಿದ್ದಾರೆ. ನಿಷೇಧ ಪೇಟೆಯ ಅಂಗಡಿಯವರೆಗೆ ಎಷ್ಟು ತಲುಪಿದೆ ಎಂಬುದನ್ನು ಓದುಗರು ತಮ್ಮ ತರಕಾರಿಯ ಕೈಚೀಲವನ್ನು ನೋಡಿಯೇ ತಿಳಿಯಬಹುದು.

ಉಪ್ಪಿನ ಮಾತನ್ನೂ ಹೇಳಬೇಕು. ಅಘನಾಶಿನಿಯ ಅಳಿವೆಯ ಪಕ್ಕದ ಸಾಣಿಕಟ್ಟೆಯಲ್ಲಿ, ಬೇರೆ ಎಷ್ಟೋ ಕಡೆಗಳಲ್ಲಿ ಇರುವಂತೆ, ಉಬ್ಬರದ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ನೀರು ಆವಿಯಾಗುತ್ತದೆ; ನೀರಿನಲ್ಲಿದ್ದ ತುಣುಕು ಆವಿಯಾಗುವುದಿಲ್ಲ. ಮುಂಬಯಿಯ ಐಐಟಿಯ ಸಂಶೋಧಕರು ಭಾರತದ ಅಂಗಡಿಗಳಲ್ಲಿ ಮಾರುವ ಕಡಲುಪ್ಪಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ಕನ್ನು ಕಂಡು 2018ರಲ್ಲಿ ವರದಿ ಮಾಡಿದರು. ಜೊತೆಗೆ ಒಂದು ಉಪಾಯವನ್ನೂ ಪರೀಕ್ಷಿಸಿದರು. ಗದ್ದೆಗೆ ಬಿಡುವ ಮುನ್ನ ಕಡಲನೀರನ್ನು ಮರಳಿನ ಹಾಸಿನಲ್ಲಿ ಸೋಸಿದರೆ ತೂಕದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪ್ಲಾಸ್ಟಿಕ್ ಮರಳಿನಲ್ಲೇ ಉಳಿಯುತ್ತದೆ. ಊರಿನ ನೀರು ಸರಬರಾಜಿನವರು ಬಹುಕಾಲದಿಂದ ಬಳಸುತ್ತಿರುವ ಕ್ರಮವೇ ಇದು, ಖರ್ಚೂ ಹೆಚ್ಚಲ್ಲ. ಮರಳು ತುಂಬಿದಾಗ ಅದನ್ನು ತೊಳೆಯಬೇಕಾಗುತ್ತದೆ. ತೊಳೆದ ನೀರನ್ನು ಮತ್ತೆ ಅಳಿವೆಗೇ ಬಿಡದಂತೆ ನೋಡಿಕೊಂಡರಾಯಿತು.